ಪಟ್ಟಿ ಹಾಕಿದ ಕರಡಿ ಕಂಡರೆ: ಗೋವಾದ ಘಾಟು, ತೋಟಗಳಲ್ಲಿ ಓಡಾಡುವ ಕನ್ನಡಿಗರಿಗೆ

ವಾಸ್ಕೋ, ಫೋಂಡಾ ಕಡೆಯಿಂದ ಊರಿಗೆ ಹೊರಟವರಿಗೆ ಬೆಳಗಾವಿ ಮುಟ್ಟಲು ಎರಡು ದಾರಿ. ಮೊಲೆಂ, ಅನಮೋಡ, ರಾಮನಗರ, ಲೋಂಡಾ, ಖಾನಾಪುರದ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 748 ಒಂದು. ಸಾಖಳಿ, ಕೇರಿ, ಚೋರ್ಲಾ, ಕಣಕುಂಬಿ, ಜಾಂಬೋಟಿಯ ದಾರಿ ಇನ್ನೊಂದು. ಎರಡೂ ಕರಡಿ ಓಡಾಡುವ ಕಾಡಿನ ನಡುವೆಯೇ ಹಾಯುತ್ತವೆ. ಗೋವಾ ಕಡೆ ಭಗವಾನ್ ಮಹಾವೀರ, ಮಹದಾಯಿ, ನೇತ್ರಾವಳಿ, ಖೋತಿಗಾವ್ ಅಭಯಾರಣ್ಯಗಳು. ಗಡಿ ದಾಟಿದರೆ ನಮ್ಮ ಭೀಮಗಡ ಮತ್ತು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಪ್ರಾಣಿಗಳಿಗೆ ಇದೆಲ್ಲ ಒಂದೇ ಕಾಡು. ಸತ್ತರಿ, ಸಾಂಗೇ, ಕಾಣಕೋಣದ ಗೇರು ತೋಟಗಳಲ್ಲೂ ಅಡಿಕೆ ಕುಳಾಗರಗಳಲ್ಲೂ ಕೂಲಿಗೆ, ಕಾವಲಿಗೆ ಇರುವ ನಮ್ಮ ಕಡೆಯ ಜನ ಸಾಕಷ್ಟಿದ್ದಾರೆ. ಈ ಬರಹ ರಾತ್ರಿ ಘಾಟಿನಲ್ಲಿ ಗಾಡಿ ಓಡಿಸುವವರಿಗೆ ಮತ್ತು ತೋಟದಲ್ಲಿ ದುಡಿಯುವವರಿಗೆ.

ಕೊರಳಲ್ಲಿ ಪಟ್ಟಿ, ಅಂದರೆ ಪ್ರಾಣಿ ಎಲ್ಲಿದೆ ಎಂದು ತಿಳಿಸುವ ರೇಡಿಯೊ ಕಾಲರ್, ಇರುವ ಪ್ರಾಣಿ ಕಂಡಾಗ ಜನ ಎರಡು ತಪ್ಪು ಲೆಕ್ಕ ಹಾಕುತ್ತಾರೆ. ‘ಇಲಾಖೆಯವರು ಸಾಕಿದ್ದು, ಏನೂ ಮಾಡುವುದಿಲ್ಲ’ ಎಂದು ಹತ್ತಿರ ಹೋಗುವುದು ಮೊದಲನೆಯದು. ‘ಪಟ್ಟಿ ಇದ್ದದ್ದನ್ನು ಮುಟ್ಟಿದರೆ ಕೇಸು, ಇಲ್ಲದ್ದಕ್ಕೆ ಯಾರೂ ಕೇಳುವುದಿಲ್ಲ’ ಎಂದುಕೊಳ್ಳುವುದು ಎರಡನೆಯದು. ಮೊದಲನೆಯ ಲೆಕ್ಕ ತಪ್ಪಿದರೆ ಮುಖ ಹೋಗುತ್ತದೆ, ಎರಡನೆಯದು ತಪ್ಪಿದರೆ ಜೈಲು. ಪಟ್ಟಿ ಹಾಕಿದ ಮಾತ್ರಕ್ಕೆ ಕರಡಿಯ ಸ್ವಭಾವ ಬದಲಾಗುವುದಿಲ್ಲ, ಕಾನೂನೂ ಬದಲಾಗುವುದಿಲ್ಲ. ಬದಲಾಗುವುದು ನೀವು ಕೊಡುವ ಸುದ್ದಿಯ ಬೆಲೆ ಮಾತ್ರ.

ಎಲ್ಲಿ, ಯಾವಾಗ ಸಿಗುತ್ತದೆ

ನಮ್ಮ ಕಾಡಿನ ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ. ಮೂಗು ಮಾತ್ರ ಬಲು ಚುರುಕು. ತಲೆ ತಗ್ಗಿಸಿ ಹುತ್ತ ಕೆದಕಿ ಗೆದ್ದಲನ್ನು ಹೀರುತ್ತಿರುವಾಗ ಅದು ತಾನೇ ದೊಡ್ಡ ಸದ್ದು ಮಾಡುತ್ತಿರುತ್ತದೆ, ಹಾಗಾಗಿ ಹತ್ತು ಹೆಜ್ಜೆ ಹತ್ತಿರಕ್ಕೆ ಬಂದರೂ ನೀವು ಬಂದದ್ದು ಗೊತ್ತಾಗುವುದಿಲ್ಲ. ಗೊತ್ತಾದ ಕ್ಷಣ ಬೆಚ್ಚಿ ಮೈಮೇಲೆ ಬರುತ್ತದೆ. ಕರಡಿ ದಾಳಿಗಳಲ್ಲಿ ಹೆಚ್ಚಿನವು ಹೀಗೆಯೇ ಆಗುವುದು, ಬೇಟೆಯಾಡಲು ಬಂದು ಅಲ್ಲ. ಗಂಡು 80ರಿಂದ 145 ಕಿಲೋ, ಹೆಣ್ಣು 55ರಿಂದ 95 ಕಿಲೋ ತೂಗುತ್ತದೆ. ಮುಂಗಾಲಿನ ಉಗುರು 6ರಿಂದ 10 ಸೆಂಟಿಮೀಟರ್ ಉದ್ದ. ಹುತ್ತ ಅಗೆಯಲು ಇರುವ ಆ ಉಗುರು ಮನುಷ್ಯನ ತಲೆ, ಮುಖದ ಮೇಲೆ ಬೀಳುತ್ತದೆ.

ಆದ್ದರಿಂದ ಸುರಕ್ಷತೆಯ ಅರ್ಧ ಪಾಲು ಸದ್ದು ಮಾಡುವುದರಲ್ಲೇ ಇದೆ. ಬೆಳಗಿನ ಜಾವ ಮತ್ತು ಸಂಜೆ ತೋಟಕ್ಕೆ ಒಬ್ಬರೇ ಹೋಗಬೇಡಿ. ಇಬ್ಬರು ಮೂವರು ಜೋರಾಗಿ ಮಾತಾಡುತ್ತ ನಡೆಯಿರಿ. ಎತ್ತಿನ ಕೊರಳ ಗಂಟೆಯೊಂದನ್ನು ಕೋಲಿಗೆ ಕಟ್ಟಿಕೊಂಡು, ಹೆಜ್ಜೆಗೊಮ್ಮೆ ನೆಲಕ್ಕೆ ಕುಟ್ಟುತ್ತ ಹೋದರೆ ಇನ್ನೂ ಒಳ್ಳೆಯದು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೇರು ಹಣ್ಣು ಆರಿಸುವುದು ಬೇಡವೇ ಬೇಡ. ಬಯಲಿಗೆ ಹೋಗುವವರು ನಸುಕಿನಲ್ಲಿ ಪೊದೆಗಳ ಅಂಚಿಗೆ ಹೋಗದೆ ತೆರೆದ ಜಾಗ ನೋಡಿಕೊಳ್ಳಿ, ಕೈಯಲ್ಲಿ ಬ್ಯಾಟರಿ ಇರಲಿ.

ಗುರುತುಗಳನ್ನು ಓದಲು ಕಲಿತರೆ ಎದುರಾಗುವ ಪ್ರಸಂಗವೇ ಕಡಿಮೆಯಾಗುತ್ತದೆ. ಹುತ್ತ ಒಡೆದು ಹಸಿಮಣ್ಣು ಹೊರಗೆ ಬಿದ್ದಿದ್ದರೆ ಕರಡಿ ಅದೇ ರಾತ್ರಿ ಬಂದು ಹೋಗಿದೆ. ಹಿಂಗಾಲಿನ ಹೆಜ್ಜೆ ಬರಿಗಾಲ ಮನುಷ್ಯನ ಹೆಜ್ಜೆಯಂತೆಯೇ ಕಾಣುತ್ತದೆ, ಆದರೆ ಐದೂ ಬೆರಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದು ಮುಂದೆ ಉಗುರಿನ ಗೀರುಗಳಿರುತ್ತವೆ. ಲದ್ದಿಯಲ್ಲಿ ನೇರಳೆ, ಬಾರೆ, ಕಕ್ಕೆ ಬೀಜಗಳು ಹಾಗೇ ಕಾಣುತ್ತವೆ. ಜೇನು ಕಟ್ಟಿದ ಮರದ ತೊಗಟೆಯ ಮೇಲೆ ಉಗುರು ಇಳಿದ ಗುರುತು ಇರುತ್ತದೆ. ಇಂಥ ಗುರುತು ಕಂಡ ತುಂಡಿನಲ್ಲಿ ಆ ದಿನ ಬಿಸಿಲೇರಿದ ಮೇಲೆ ಗುಂಪಾಗಿ ಕೆಲಸ ಮಾಡಿ. ಬಂಡೆಗಳ ಸಂದು, ಗುಹೆಯಂಥ ಜಾಗದಲ್ಲಿ ಚಳಿಗಾಲದಲ್ಲಿ ಮರಿ ಹಾಕಿದ ತಾಯಿ ಇರಬಹುದು, ಒಳಗೆ ಇಣುಕಬೇಡಿ. ಮರಿಗಳು ದೊಡ್ಡವಾಗುವ ತನಕ ತಾಯಿಯ ಬೆನ್ನ ಮೇಲೆ ಸವಾರಿ ಮಾಡುತ್ತವೆ. ಬೆನ್ನು ಉಬ್ಬಿದಂತೆ ಕಂಡ ಕರಡಿ ಎಲ್ಲಕ್ಕಿಂತ ಅಪಾಯ.

ಎದುರಾದಾಗ

ಐವತ್ತು ಮೀಟರ್ ದೂರದಲ್ಲಿದ್ದು ನಿಮ್ಮನ್ನು ನೋಡಿಲ್ಲವಾದರೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ. ನೋಡಿದ್ದರೆ ನಿಂತುಬಿಡಿ. ತಗ್ಗಿದ ದನಿಯಲ್ಲಿ ಮಾತಾಡಿ, ಎದುರಿಗಿರುವುದು ಮನುಷ್ಯ ಎಂದು ಅದಕ್ಕೆ ತಿಳಿಯಲಿ. ನಂತರ ಬೆನ್ನು ತೋರಿಸದೆ ಒಂದೊಂದೇ ಹೆಜ್ಜೆ ಹಿಂದಕ್ಕೆ. ಹಿಂಗಾಲ ಮೇಲೆ ಎದ್ದು ನಿಂತರೆ ಅದು ವಾಸನೆ ಹಿಡಿಯುತ್ತಿದೆ ಎಂದರ್ಥ, ದಾಳಿ ಶುರುವಾಯಿತು ಎಂದಲ್ಲ. ಓಡಬೇಡಿ, ಕರಡಿ ನಿಮಗಿಂತ ಜೋರಾಗಿ ಓಡುತ್ತದೆ. ಕಲ್ಲು ಎಸೆಯಬೇಡಿ. ಅದು ತಪ್ಪಿಸಿಕೊಂಡು ಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ, ತಾಯಿ ಮತ್ತು ಮರಿಯ ನಡುವೆಯಂತೂ ಬೇಡವೇ ಬೇಡ.

ಶಾಲೆಯಲ್ಲಿ ಓದಿದ ಇಬ್ಬರು ಗೆಳೆಯರ ಕಥೆ ಎಲ್ಲರಿಗೂ ನೆನಪಿದೆ. ಒಬ್ಬ ಮರ ಹತ್ತುತ್ತಾನೆ, ಇನ್ನೊಬ್ಬ ಸತ್ತಂತೆ ಬೀಳುತ್ತಾನೆ. ಮರ ಹತ್ತಿದವನ ಉಪಾಯ ನಿಜದಲ್ಲಿ ನಡೆಯುವುದಿಲ್ಲ, ಜೇನಿಗಾಗಿ ದಿನವೂ ಮರ ಹತ್ತುವ ಪ್ರಾಣಿ ಇದು. ನೆಲಕ್ಕೆ ಬೀಳುವುದರಲ್ಲಿ ಅರ್ಥವಿದೆ, ಆದರೆ ಕರಡಿಯನ್ನು ಮೋಸಗೊಳಿಸಲು ಅಲ್ಲ, ಮುಖ ಉಳಿಸಿಕೊಳ್ಳಲು. ಮೈಮೇಲೆ ಬಂದೇಬಿಟ್ಟಿತು ಎನ್ನುವಾಗ ಮಾತ್ರ ಬೋರಲು ಬೀಳಿ. ಮುಖ ನೆಲಕ್ಕೆ ಒತ್ತಿರಲಿ, ಎರಡೂ ಕೈಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿ, ಮೊಣಕೈಗಳಿಂದ ಕಿವಿ ಕೆನ್ನೆಗಳಿಗೆ ಆಸರೆ ಕೊಡಿ. ಬೆನ್ನಿಗೆ ಚೀಲವಿದ್ದರೆ ತೆಗೆಯಬೇಡಿ. ಹೊರಳಿಸಲು ನೋಡಿದರೆ ಹೊರಳಿ ಮತ್ತೆ ಬೋರಲಾಗಿ. ಕೈ ಬೀಸಿ ಹೊಡೆದಷ್ಟೂ ಅದು ಬಿಡುವುದು ತಡವಾಗುತ್ತದೆ. ದೂರ ಹೋಯಿತು ಎಂದು ಖಾತ್ರಿಯಾಗುವ ತನಕ ಏಳಬೇಡಿ, ಬೇಗ ಎದ್ದವರ ಮೇಲೆ ಎರಡನೇ ಸಲ ಬೀಳುತ್ತದೆ.

ಘಾಟಿನಲ್ಲಿ ದೀಪದ ಬೆಳಕಿಗೆ ಕಂಡರೆ ಮೂವತ್ತು ನಲವತ್ತು ಮೀಟರ್ ದೂರದಲ್ಲೇ ನಿಲ್ಲಿಸಿ, ಹೈ ಬೀಮ್ ಇಳಿಸಿ, ಹಾರ್ನ್ ಹೊಡೆಯದೆ ಕಾಯಿರಿ. ಒಂದು ದಾಟಿದ ಕೂಡಲೇ ಗೇರು ಹಾಕಬೇಡಿ, ಹಿಂದೆ ಇನ್ನೊಂದು ಇರಬಹುದು. ಹಿಂದಿನ ಗಾಡಿಗಳಿಗೆ ಹಜಾರ್ಡ್ ದೀಪ ಹಾಕಿ ತಿಳಿಸಿ. ಬೈಕಿನವರು ಸಂದಿಯಲ್ಲಿ ನುಗ್ಗುವ ಯೋಚನೆ ಬಿಟ್ಟು ಹತ್ತಿರದ ಲಾರಿಯ ಹಿಂದೆ ಸೇರಿಕೊಳ್ಳಿ. ಫೋಟೋಗಾಗಿ ಗಾಡಿಯಿಂದ ಇಳಿಯುವುದು ಬೇಡ.

ಕೊರಳಲ್ಲಿರುವುದು ಕಾಲರೋ, ಉರುಳೋ?

ಎಲ್ಲಕ್ಕಿಂತ ಗಮನವಿಟ್ಟು ನೋಡಬೇಕಾದದ್ದು ಇದು, ಹೆಚ್ಚು ಜನ ಎಡವುವುದೂ ಇಲ್ಲೇ. ರೇಡಿಯೊ ಕಾಲರ್ ಎಂದರೆ ಅಗಲವಾದ, ಎಲ್ಲೆಡೆ ಒಂದೇ ದಪ್ಪದ ಬೆಲ್ಟು. ಗಂಟಲಿನ ಕೆಳಗೆ ಗಟ್ಟಿ ಡಬ್ಬಿಯೊಂದು ತೂಗುತ್ತದೆ, ಬ್ಯಾಟರಿ ಮತ್ತು ಜಿಪಿಎಸ್ ಅದರೊಳಗೆ. ಕೆಲವದರಲ್ಲಿ ಗಿಡ್ಡ ತಂತಿಯಂಥ ಆಂಟೆನಾ ಹೊರಗೆ ಚಾಚಿರುತ್ತದೆ. ಚಿರತೆಯ ಮೇಲೆ ಇದು ಎದ್ದು ಕಾಣುತ್ತದೆ. ಕರಡಿಯ ಕೊರಳ ಕೂದಲು ಜೊಂಪೆ ಜೊಂಪೆಯಾಗಿ ಇಳಿದಿರುವುದರಿಂದ ಪಟ್ಟಿ ಪೂರ್ತಿ ಮುಚ್ಚಿಹೋಗಿ, ತಲೆ ಎತ್ತಿದಾಗ ಡಬ್ಬಿ ಮಾತ್ರ ಇಣುಕಬಹುದು. ಎದೆಯ ಮೇಲಿನ ಬಿಳಿ ಗುರುತನ್ನು ಪಟ್ಟಿ ಎಂದು ತಿಳಿಯಬೇಡಿ, ಅದು ಹುಟ್ಟಿನಿಂದಲೇ ಬಂದದ್ದು.

ಉರುಳು ಬೇರೆ. ಹಂದಿಗೆಂದು ತೋಟದ ಬೇಲಿಯಲ್ಲಿ ಕಟ್ಟುವ ಕ್ಲಚ್ ವೈರ್ ತೆಳ್ಳಗಿದ್ದು ಚರ್ಮದೊಳಗೆ ಕೊರೆದು ಕೂತಿರುತ್ತದೆ. ಸುತ್ತ ಕೂದಲು ಉದುರಿ, ಗಾಯವಾಗಿ ನೊಣ ಮುತ್ತಿರುತ್ತವೆ, ಕಿತ್ತ ತುದಿ ಎಳೆದಾಡುತ್ತಿರುತ್ತದೆ. ಕೊರಳಿಗಿಂತ ಸೊಂಟಕ್ಕೆ, ಕಾಲಿಗೆ ಸಿಕ್ಕಿರುವುದೂ ಉಂಟು. ಇದನ್ನು ‘ಇಲಾಖೆಯ ಪಟ್ಟಿ’ ಎಂದುಕೊಂಡು ಸುಮ್ಮನಾದರೆ ಆ ಪ್ರಾಣಿ ನರಳಿ ಸಾಯುತ್ತದೆ. ನೋವಿನಲ್ಲಿರುವ ಕರಡಿ ಕಣ್ಣಿಗೆ ಬಿದ್ದವರನ್ನೆಲ್ಲ ಅಟ್ಟಿಸಿಕೊಂಡು ಬರುತ್ತದೆ, ಹಾಗಾಗಿ ಉರುಳು ಸಿಕ್ಕ ಪ್ರಾಣಿಯ ಸುದ್ದಿ ಆ ಗಳಿಗೆಯಲ್ಲೇ ಇಲಾಖೆಗೆ ಮುಟ್ಟಬೇಕು. ಬಿಡಿಸಲು ನೀವು ಕೈ ಹಾಕಬೇಡಿ. ಅರಿವಳಿಕೆ ಕೊಡುವ ಪಶುವೈದ್ಯರು ಬರುವ ತನಕ ಜನ ಸೇರದಂತೆ ನೋಡಿಕೊಂಡರೆ ಅದೇ ದೊಡ್ಡ ಉಪಕಾರ. ನಿಜವಾದ ಕಾಲರ್ ಕೂಡ ಪ್ರಾಣಿ ದಪ್ಪಗಾದಾಗ ಬಿಗಿಯಾಗಿ ಗಾಯ ಮಾಡಬಹುದು, ಅದನ್ನೂ ತಿಳಿಸಬೇಕು.

ಇನ್ನು ಮೈಕ್ರೋಚಿಪ್. ಅಕ್ಕಿಕಾಳಿನಷ್ಟು ದೊಡ್ಡದು, ಚರ್ಮದ ಕೆಳಗೆ ಇರುತ್ತದೆ, ಹೊರಗೆ ಕಾಣುವುದೇ ಇಲ್ಲ. ಅದರೊಳಗೆ ಬ್ಯಾಟರಿ ಇಲ್ಲ, ಪ್ರಾಣಿ ಎಲ್ಲಿದೆ ಎಂದು ಹೇಳಲಾರದು. ಸ್ಕ್ಯಾನರ್ ಅನ್ನು ತೀರ ಹತ್ತಿರ ಹಿಡಿದರೆ ಒಂದು ಸಂಖ್ಯೆ ಕೊಡುತ್ತದೆ, ಅಷ್ಟೆ. ಆ ಸಂಖ್ಯೆಯ ಬೆಲೆ ಏನೆಂಬುದಕ್ಕೆ ಮಹಾರಾಷ್ಟ್ರದ ಆಜೋಬಾ ಎಂಬ ಚಿರತೆಯೇ ಸಾಕ್ಷಿ. 2009ರಲ್ಲಿ ಅಹ್ಮದ್‌ನಗರ ಜಿಲ್ಲೆಯ ಟಾಕಳಿ ಢೋಕೇಶ್ವರದ ಬಾವಿಯಿಂದ ಎತ್ತಿ, ಕಾಲರ್ ಹಾಕಿ, ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ಅದು ಒಂದು ತಿಂಗಳೊಳಗೆ ನೂರಿಪ್ಪತ್ತು ಕಿಲೋಮೀಟರಿನಷ್ಟು ನಡೆದು ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ಸೇರಿತು. 2011ರ ಡಿಸೆಂಬರಿನಲ್ಲಿ ಹೆದ್ದಾರಿಯಲ್ಲಿ ಗಾಡಿಗೆ ಸಿಕ್ಕಿ ಸತ್ತಾಗ ಅದು ಆಜೋಬಾನೇ ಎಂದು ಹೇಳಿದ್ದು ಮೈಯೊಳಗಿನ ಚಿಪ್. ದಾರಿಬದಿ ಸತ್ತ ಪ್ರಾಣಿ ಕಂಡರೂ, ಪಟ್ಟಿ ಕಾಣದಿದ್ದರೂ ಸುದ್ದಿ ಕೊಡಬೇಕು ಎನ್ನುವುದು ಇದಕ್ಕೇ.

ಕಾಲರ್ ಒಂದೇ ನೆಲದ ಮೇಲೆ ಬಿದ್ದು ಸಿಕ್ಕರೆ? ಹಲವು ಕಾಲರ್‌ಗಳಲ್ಲಿ ಅವಧಿ ಮುಗಿದಾಗ ತಾನೇ ಬಿಚ್ಚಿಕೊಳ್ಳುವ ಏರ್ಪಾಡು ಇರುತ್ತದೆ. ಹಾಗೆ ಬಿದ್ದದ್ದಾದರೆ ಕೀಲಿನ ಜಾಗದಲ್ಲಿ ಅಚ್ಚುಕಟ್ಟಾಗಿ ತೆರೆದುಕೊಂಡಿರುತ್ತದೆ. ಬೆಲ್ಟನ್ನು ಚಾಕು, ಕತ್ತಿಯಿಂದ ಕೊಯ್ದಂತೆ ಕಂಡರೆ ಅದು ಅಪರಾಧ ನಡೆದ ಜಾಗ ಇರಬಹುದು, ಸುತ್ತ ತುಳಿಯಬೇಡಿ. ಎರಡರಲ್ಲಿ ಯಾವುದಾದರೂ ಎತ್ತಿ ಮನೆಗೆ ತರಬೇಡಿ. ಕೆಲಸ ಮಾಡುತ್ತಿರುವ ಕಾಲರ್ ನಿಮ್ಮ ಮನೆಯ ಜಾಗವನ್ನೇ ಪ್ರಾಣಿಯ ಜಾಗವೆಂದು ಕಳಿಸುತ್ತಿರುತ್ತದೆ. ಫೋಟೋ ತೆಗೆದು, ಜಾಗದ ಗುರುತು ಇಟ್ಟು ಫೋನ್ ಮಾಡಿ.

ಯಾರಿಗೆ, ಏನು ಹೇಳಬೇಕು

ದೇಶದಲ್ಲೆಲ್ಲ ನಡೆಯುವ ಸಂಖ್ಯೆ 112. ಮಹಾರಾಷ್ಟ್ರದ ಗಡಿಯೊಳಗಿದ್ದರೆ ಅರಣ್ಯ ಸಹಾಯವಾಣಿ 1926. ಘಾಟಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮುಂದಿನ ಚೆಕ್‌ಪೋಸ್ಟಿನಲ್ಲಿ, ಗೋವಾ ಕಡೆ ಮೊಲೆಂ ಅಥವಾ ಕೇರಿಯಲ್ಲಿ, ನಿಲ್ಲಿಸಿ ಹೇಳಿ. ಯಾವ ರಾಜ್ಯದಲ್ಲಿ ಕಂಡಿರಿ ಎಂಬುದು ಮೊದಲ ಮಾತಾಗಬೇಕು. ಚೋರ್ಲಾ ದಾರಿಯಲ್ಲಿ ಗಡಿ ತಿರುವಿನಿಂದ ತಿರುವಿಗೆ ಬದಲಾಗುತ್ತದೆ, ಸುದ್ದಿ ತಪ್ಪು ಕಚೇರಿಗೆ ಹೋದರೆ ಒಂದು ಗಂಟೆ ಅಲ್ಲೇ ಕಳೆಯುತ್ತದೆ. ಆಮೇಲೆ ಹತ್ತಿರದ ಕಿಲೋಮೀಟರ್ ಕಲ್ಲು ಅಥವಾ ಫೋನಿನ ಲೊಕೇಶನ್, ಗಂಟೆ, ಪ್ರಾಣಿ ಯಾವ ಕಡೆಗೆ ಹೋಯಿತು, ಎಷ್ಟಿದ್ದವು, ಮರಿ ಇತ್ತೇ, ಕುಂಟುತ್ತಿತ್ತೇ. ಪಟ್ಟಿಯ ಬಣ್ಣ, ಡಬ್ಬಿ ಕಂಡಿತೇ, ಕಿವಿಯಲ್ಲಿ ಬಿಲ್ಲೆ ಇದ್ದರೆ ಎಡವೋ ಬಲವೋ, ಯಾವ ಬಣ್ಣ. ಸಂಖ್ಯೆ ಓದಲು ಹತ್ತಿರ ಹೋಗಬೇಕಿಲ್ಲ. ಕರಡಿಯನ್ನು ಮರಾಠಿಯಲ್ಲಿ ಅಸ್ವಲ್ ಎನ್ನುತ್ತಾರೆ, ಚಿರತೆಯನ್ನು ಬಿಬಟ್ಯಾ, ಕಾಡುಕೋಣವನ್ನು ಗವಾ. ಫೋನ್ ಎತ್ತಿದವರಿಗೆ ಕನ್ನಡ ಬಾರದಿದ್ದರೆ ಈ ಮೂರು ಪದ ಕೈಹಿಡಿಯುತ್ತವೆ.

ಲೊಕೇಶನ್ ಇರುವ ಫೋಟೋವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಅದೇ ಸಂಜೆ ನೋಡುವವರು ಜಮಾಯಿಸುತ್ತಾರೆ, ಬೇಟೆಯವರಿಗೂ ಸುಳಿವು ಸಿಗುತ್ತದೆ.

ಕೋವಿ, ಶಿಕಾರಿ, ಕಾನೂನು

ಬೇರೆ ದೇಶಗಳಲ್ಲಿ ಇರುವ ಹಾಗೆ ಬೇಟೆಯ ಹಂಗಾಮು, ಬೇಟೆಯ ಲೈಸೆನ್ಸು ನಮ್ಮಲ್ಲಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ವಿಷ ಇಡುವುದು, ಉರುಳು ಕಟ್ಟುವುದು, ಹಿಡಿಯುವುದು, ಅಟ್ಟುವುದು, ಆಮಿಷ ಹಾಕಿ ಕರೆಯುವುದು, ಇವುಗಳ ಪ್ರಯತ್ನ ಎಲ್ಲವೂ ಅದೇ ಪದದೊಳಗೆ ಬರುತ್ತವೆ. ಗಾಡಿಯ ದೀಪ ಬಿಟ್ಟು ಕರಡಿಯನ್ನು ಅರ್ಧ ಕಿಲೋಮೀಟರ್ ಓಡಿಸಿ ವಿಡಿಯೋ ಮಾಡಿದವರೂ ಈ ಸೆಕ್ಷನ್ನಿಗೆ ಸಿಕ್ಕಿಬೀಳಬಹುದು.

2023ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಅನುಸೂಚಿಗಳು, ಅಂದರೆ ಕಾಯ್ದೆಯ ಕೊನೆಯಲ್ಲಿರುವ ಯಾದಿಗಳು, ಆರರಿಂದ ನಾಲ್ಕಕ್ಕೆ ಇಳಿದಿವೆ. ಕರಡಿ, ಚಿರತೆ, ಕಾಡುಕೋಣ, ಚಿಪ್ಪುಹಂದಿ, ಉಡ, ನವಿಲು ಒಂದನೇ ಅನುಸೂಚಿಯವು. ಇವುಗಳ ಬೇಟೆಗೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು, ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಅಭಯಾರಣ್ಯದೊಳಗೆ ಯಾವ ಪ್ರಾಣಿಯನ್ನು ಹೊಡೆದರೂ ಇದೇ ಶಿಕ್ಷೆ. ಗಾಡಿ, ಕೋವಿ, ಬಲೆ ಏನೇ ಬಳಸಿದ್ದರೂ ಅದೆಲ್ಲ ಸರಕಾರದ ಪಾಲು. ಸಾಲ ಮಾಡಿ ಕೊಂಡ ಬೈಕು ಹೀಗೆ ಹೋದರೆ ಕಂತು ಮಾತ್ರ ಉಳಿಯುತ್ತದೆ.

ಕೋವಿಯ ವಿಷಯದಲ್ಲಿ ಗೊಂದಲ ಹೆಚ್ಚು. ಬೆಳೆ ರಕ್ಷಣೆಗೆ ಕೊಟ್ಟ ಪರವಾನಗಿ ಕೋವಿ ಇಟ್ಟುಕೊಳ್ಳಲು ಮಾತ್ರ, ಪ್ರಾಣಿ ಹೊಡೆಯಲು ಅಲ್ಲ. ಮನುಷ್ಯರ ಜೀವಕ್ಕೆ ಅಪಾಯವಾದ ಒಂದನೇ ಅನುಸೂಚಿಯ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಆದೇಶ ಬೇಕು. ಕೊಡಗಿನವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಶಸ್ತ್ರ ಕಾಯ್ದೆಯದು, ಬೇಟೆಯಾಡಲು ಅದು ಅಲ್ಲಿಯೂ ಅನುಮತಿ ಅಲ್ಲ. ಏರ್‌ಗನ್ ಕೂಡ ಹಾಗೆಯೇ. ಸಣ್ಣ ಏರ್‌ಗನ್ನಿಗೆ ಲೈಸೆನ್ಸು ಬೇಡದಿರಬಹುದು, ಅದರ ಛರ್ರೆಯಿಂದ ಕಾಡಿನ ಹಕ್ಕಿ ಹೊಡೆದರೆ ಮಾತ್ರ ಅದು ಬೇಟೆಯೇ. ಅಭಯಾರಣ್ಯದೊಳಗೆ ಯಾವ ಆಯುಧವನ್ನೂ ಲಿಖಿತ ಅನುಮತಿ ಇಲ್ಲದೆ ಒಯ್ಯುವಂತಿಲ್ಲ, ಅನಮೋಡ ಘಾಟಿನ ಹೆದ್ದಾರಿ ಅಭಯಾರಣ್ಯದ ನಡುವೆಯೇ ಹೋಗುತ್ತದೆ. ಊರಿನಿಂದ ಲೈಸೆನ್ಸಿನ ಕೋವಿ ತರುವವರು ಹೊರಡುವ ಮೊದಲೇ ಬರೆದು ಕೇಳಿ, ಉತ್ತರವನ್ನು ಕೈಯಲ್ಲಿಟ್ಟುಕೊಳ್ಳಿ. ಅಭಯಾರಣ್ಯದ ಹತ್ತು ಕಿಲೋಮೀಟರ್ ಸುತ್ತಿನಲ್ಲಿ ವಾಸವಿರುವ ಲೈಸೆನ್ಸುದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕೆಂದು 34ನೇ ಸೆಕ್ಷನ್ ಹೇಳುತ್ತದೆ.

ಪ್ರಾಣರಕ್ಷಣೆಗೆ ಒಂದು ಬಾಗಿಲು ತೆರೆದಿದೆ. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದ್ಭಾವನೆಯಿಂದ ಪ್ರಾಣಿಯನ್ನು ಗಾಯಗೊಳಿಸಿದರೆ, ಕೊಂದರೆ ಅದು ಅಪರಾಧವಲ್ಲ. ಉರುಳು ಕಟ್ಟಲು ಹೋದಾಗ ಕರಡಿ ಬಂತು, ಹೊಡೆದೆ ಎನ್ನುವವರಿಗೆ ಈ ರಕ್ಷಣೆ ಸಿಗುವುದಿಲ್ಲ. ಸತ್ತ ಪ್ರಾಣಿ ಸರಕಾರದ್ದು, ಉಗುರು, ಕೂದಲು, ಪಿತ್ತ ಎಲ್ಲವೂ. ಮಕ್ಕಳ ಭಯಕ್ಕೆ ಕರಡಿ ಕೂದಲಿನ ತಾಯತ ಕಟ್ಟುವುದು ನಮ್ಮ ಕಡೆ ಹಳೆಯ ರೂಢಿ. ಇವತ್ತು ಅದನ್ನು ಇಟ್ಟುಕೊಂಡರೆ, ಕಾನೂನುಬಾಹಿರವಾಗಿ ಬಂದದ್ದಲ್ಲ ಎಂದು ತೋರಿಸುವ ಹೊಣೆ ಇಟ್ಟುಕೊಂಡವರದೇ. ಕಾಡುಹಂದಿ ಮಾಂಸದ ಪಾಲು ಮನೆಗೆ ಬಂದರೂ ಇದೇ ಮಾತು.

ತೋಟದಲ್ಲಿ ಕೆಲಸಕ್ಕಿರುವವರಿಗೆ ಇದನ್ನು ಒತ್ತಿ ಹೇಳಬೇಕು. ‘ಬೇಲಿಗೆ ವೈರ್ ಕಟ್ಟು’, ‘ಕರೆಂಟ್ ಲೈನಿಗೆ ತಂತಿ ಸಿಕ್ಕಿಸು’, ‘ಈ ಉಂಡೆ ಹಂದಿ ದಾರಿಯಲ್ಲಿಡು’ ಎಂದು ಮಾಲೀಕರು ಹೇಳಿದರೆ, ಅದು ಹೇಳಿದವರ ತಪ್ಪು ಮಾತ್ರ ಅಲ್ಲ. ನೆರವಾದವರಿಗೂ ಮಾಡಿದವರಷ್ಟೇ ಶಿಕ್ಷೆ, ಮತ್ತು ಸ್ಥಳದಲ್ಲಿ ಸಿಕ್ಕುವವರು ಕಾವಲಿಗೆ ಇದ್ದವರೇ. ಸಿಡಿಮದ್ದಿನ ಉಂಡೆ ಹಂದಿಯದೇ ದವಡೆ ಹುಡುಕಿಕೊಂಡು ಹೋಗುವುದಿಲ್ಲ. ಕರಡಿ ಕಚ್ಚಬಹುದು, ದನ ಕಚ್ಚಬಹುದು, ಆಡುವ ಮಗುವಿನ ಕೈಗೂ ಸಿಗಬಹುದು. 2020ರ ಜನವರಿಯಲ್ಲಿ ಸತ್ತರಿಯ ಗೋಳಾವಳಿಯಲ್ಲಿ ವಿಷದಿಂದ ನಾಲ್ಕು ಹುಲಿಗಳು ಸತ್ತವು. ಬೆಳೆ ಉಳಿಸಲು ಸೋಲಾರ್ ಬೇಲಿ ಇದೆ. ಅದರ ಯಂತ್ರ ಕ್ಷಣಮಾತ್ರದ ಪೆಟ್ಟನ್ನು ಬಿಟ್ಟು ಬಿಟ್ಟು ಕೊಡುತ್ತದೆ, ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಮನೆಯ 230 ವೋಲ್ಟ್ ನೇರ ಕೊಟ್ಟರೆ ಬೆಳಗ್ಗೆ ನೀರು ಬಿಡಲು ಹೋದವರೇ ಸಾಯುತ್ತಾರೆ.

ಗಾಯವಾದರೆ

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ತಲೆಯ ಚರ್ಮ ಕಿತ್ತು ಜೋತಿದ್ದರೆ ಕತ್ತರಿಸದೆ ಹಾಗೇ ಮೇಲಿಟ್ಟು ಕಟ್ಟಿ, ಹೊಲಿಯಲು ಅದೇ ಬೇಕು. 108ಕ್ಕೆ ಫೋನ್ ಮಾಡಿ. ರಕ್ತ ಹತೋಟಿಗೆ ಬಂದ ಗಾಯಗಳನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಆಸ್ಪತ್ರೆಯಲ್ಲಿ ರೇಬಿಸ್ ಚುಚ್ಚುಮದ್ದು, ಗಾಯದ ಸುತ್ತ ಕೊಡುವ ಇಮ್ಯುನೋಗ್ಲೋಬ್ಯುಲಿನ್, ಟಿಟಿ ಮೂರನ್ನೂ ಹೆಸರು ಹೇಳಿ ಕೇಳಿ. ಸ್ನಾಯುವಿಗೆ ಕೊಡುವ ರೇಬಿಸ್ ಲಸಿಕೆಗೆ 0, 3, 7, 14, 28ನೇ ದಿನ ಎಂದು ಐದು ಸರತಿ. ಎರಡು ಮುಗಿಸಿ ಊರಿಗೆ ಹೋದವರು ಉಳಿದದ್ದನ್ನು ಊರಿನ ಸರಕಾರಿ ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳಬಹುದು, ಕಾರ್ಡ್ ಜೊತೆಗಿರಲಿ.

ಪರಿಹಾರ ಸಿಗಬೇಕಾದರೆ ಕಾಗದ ಮೊದಲ ದಿನದಿಂದ ಶುರುವಾಗಬೇಕು. ಅದೇ ದಿನ ವಲಯ ಅರಣ್ಯಾಧಿಕಾರಿಗೆ ತಿಳಿಸಿ ಸ್ಥಳದ ಪಂಚನಾಮೆ ಮಾಡಿಸಿ, ಅದರ ಪ್ರತಿ ಕೇಳಿ. ಆಸ್ಪತ್ರೆಯ ಚೀಟಿಯಲ್ಲಿ ‘ಕಾಡುಪ್ರಾಣಿಯ ದಾಳಿ, ಕರಡಿ’ ಎಂದೇ ಬರೆಸಿ, ‘ಬಿದ್ದು ಗಾಯ’ ಎಂದು ಬರೆದುಕೊಟ್ಟರೆ ಆಮೇಲೆ ತಿದ್ದಿಸುವುದು ಕಷ್ಟ. ಹರಿದ ಬಟ್ಟೆ ಒಗೆಯದೆ ಇಟ್ಟುಕೊಳ್ಳಿ. ಆಧಾರ್ ವಿಳಾಸ ಗದಗದ್ದೋ ವಿಜಯಪುರದ್ದೋ ಆಗಿದ್ದರೆ, ಇಲ್ಲಿ ಕೆಲಸಕ್ಕಿದ್ದೀರಿ ಎಂದು ತೋಟದ ಮಾಲೀಕರಿಂದ ಒಂದು ಪತ್ರ ಬರೆಸಿಕೊಳ್ಳಿ. ಮರಾಠಿ, ಕೊಂಕಣಿ ಅಥವಾ ಇಂಗ್ಲಿಷಿನಲ್ಲಿ ಬರೆದ ಹೇಳಿಕೆಗೆ ಸಹಿ ಹಾಕುವ ಮೊದಲು, ಓದಬಲ್ಲವರೊಬ್ಬರಿಂದ ಅದನ್ನು ಕನ್ನಡದಲ್ಲಿ ಹೇಳಿಸಿಕೊಂಡು ಕೇಳಿ.